ದೂರಕಕ್ಷೆಯ ದೈತ್ಯ ಸೌರೇತರ ಗ್ರಹಗಳ ಶೋಧ

ದೂರಕಕ್ಷೆಯ ದೈತ್ಯ ಸೌರೇತರ ಗ್ರಹಗಳೆಂದರೆ ಸೂರ್ಯನ ಹೊರತಾದ ನಕ್ಷತ್ರಗಳನ್ನು ಬಹುದೂರದ ಕಕ್ಷೆಗಳಲ್ಲಿ ಸುತ್ತುತ್ತಿರುವ, ಗುರು ಅಥವಾ ಶನಿಯನ್ನು ಹೋಲುವ ಬೃಹತ್ ಗ್ರಹಗಳು. ಭೂಮಿಗೂ ಸೂರ್ಯನಿಗೂ ನಡುವಣ ಸರಾಸರಿ ದೂರವಾದ ಸುಮಾರು 15 ಕೋಟಿ ಕಿಲೋಮೀಟರನ್ನು ಒಂದು ಖಗೋಳಮಾನ ಎನ್ನುತ್ತಾರೆ. ಈ ಅಳತೆಯಲ್ಲಿ ಗುರುಗ್ರಹವು ಸೂರ್ಯನಿಂದ 5.2 ಖಗೋಳಮಾನ, ನೆಪ್ಚೂನ್ 30 ಖಗೋಳಮಾನ ದೂರದಲ್ಲಿದೆ. ಇಂಥ ದೂರಗಳಲ್ಲಿ, ಕೆಲವೊಮ್ಮೆ ಇನ್ನೂ ಹೆಚ್ಚಿನ ದೂರಗಳಲ್ಲಿ, ಇರುವ ದೈತ್ಯಗ್ರಹಗಳನ್ನು ಪತ್ತೆಹಚ್ಚುವ ವಿಧಾನಗಳು, ಅವುಗಳ ಇತಿಹಾಸ ಮತ್ತು ಮುಖ್ಯ ಶೋಧಗಳು ಈ ಲೇಖನದ ವಿಷಯ.

ದೃಢಪಟ್ಟ ಸೌರೇತರ ಗ್ರಹಗಳ ಸಂಖ್ಯೆ 2025ರಲ್ಲಿ 6,000ವನ್ನು ದಾಟಿತು. ಇವುಗಳಲ್ಲಿ ದೂರದರ್ಶಕದ ಚಿತ್ರದಲ್ಲಿ ಪ್ರತ್ಯೇಕ ಬೆಳಕಿನ ಬಿಂದುವಾಗಿ ಕಂಡವು ನೂರಕ್ಕಿಂತಲೂ ಕಡಿಮೆ. ಅವು ಬಹುಮಟ್ಟಿಗೆ ದೂರಕಕ್ಷೆಯ ದೈತ್ಯಗಳೇ. ಸಂಖ್ಯೆಯಲ್ಲಿ ಅಲ್ಪವಾದರೂ ಇವುಗಳ ಮಹತ್ವ ದೊಡ್ಡದು. ಗ್ರಹವೊಂದರ ಬೆಳಕನ್ನೇ ಸಂಗ್ರಹಿಸಿ ಅದರ ವಾಯುಮಂಡಲ, ಉಷ್ಣತೆ ಮತ್ತು ಉಗಮವನ್ನು ವಿಚಾರಿಸಲು ಇವು ಅವಕಾಶ ನೀಡುತ್ತವೆ. ನಮ್ಮ ಸೌರವ್ಯೂಹದ ರಚನೆ ವಿಶ್ವದಲ್ಲಿ ಸಾಮಾನ್ಯವೋ ಅಪರೂಪವೋ ಎಂಬ ಪ್ರಶ್ನೆಗೆ ಉತ್ತರವೂ ಇಂಥ ಗ್ರಹಗಳ ಗಣತಿಯನ್ನು ಅವಲಂಬಿಸಿದೆ.

ಆರಂಭಿಕ ಪ್ರಯತ್ನಗಳು

ಅನ್ಯ ನಕ್ಷತ್ರದ ಗ್ರಹವನ್ನು ಕಂಡುಹಿಡಿದೆವೆಂಬ ಹಳೆಯ ಪ್ರತಿಪಾದನೆಗಳಲ್ಲಿ ಒಂದು ಭಾರತದಿಂದಲೇ ಹೊರಟಿತು. ಮದ್ರಾಸು ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಡಬ್ಲ್ಯು. ಎಸ್. ಜೇಕಬ್ 1855ರಲ್ಲಿ 70 ಒಫಿಯುಕಿ ಎಂಬ ಜೋಡಿನಕ್ಷತ್ರದ ಚಲನೆಯಲ್ಲಿ ವ್ಯತ್ಯಾಸವನ್ನು ಗುರುತಿಸಿ, ಅದಕ್ಕೆ ಕಾಣದ ಗ್ರಹವೊಂದು ಕಾರಣವಿರಬಹುದೆಂದು ಸೂಚಿಸಿದರು. ಆ ಶತಮಾನದ ಕೊನೆಯಲ್ಲಿ ಅಮೆರಿಕದ ಥಾಮಸ್ ಸೀ ಇದೇ ಬಗೆಯ ವಾದವನ್ನು ಮುಂದಿಟ್ಟರು. ಅವರು ಹೇಳಿದ ಕಕ್ಷೆ ಸ್ಥಿರವಾಗಿ ಉಳಿಯಲಾರದೆಂದು ಫಾರೆಸ್ಟ್ ರೇ ಮೌಲ್ಟನ್ 1899ರಲ್ಲಿ ಗಣಿತದಿಂದ ತೋರಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಕಥೆ ಮರುಕಳಿಸಿತು. ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದ ಪೀಟರ್ ವಾನ್ ಡಿ ಕಾಂಪ್ ಅವರು ಸುಮಾರು 6 ಜ್ಯೋತಿರ್ವರ್ಷ ದೂರದ ಬರ್ನಾರ್ಡನ ನಕ್ಷತ್ರವನ್ನು ದಶಕಗಳ ಕಾಲ ಛಾಯಾಫಲಕಗಳಲ್ಲಿ ಅಳೆದು, ಅದಕ್ಕೆ ಗುರುವಿಗಿಂತ ಭಾರವಾದ ಗ್ರಹವಿದೆಯೆಂದು 1963ರಲ್ಲಿ ಪ್ರಕಟಿಸಿದರು. ಬೇರೆ ವೀಕ್ಷಣಾಲಯಗಳ ಫಲಕಗಳನ್ನು 1973ರಲ್ಲಿ ಪರಿಶೀಲಿಸಿದಾಗ ಆ ಓಲಾಟ ಕಾಣಲಿಲ್ಲ. ಸ್ಪ್ರೌಲ್‌ನ ಫಲಕಗಳಲ್ಲಿ ಇತರ ನಕ್ಷತ್ರಗಳೂ ಅದೇ ರೀತಿ ಓಲಾಡಿದ್ದವು. ದೂರದರ್ಶಕದ ಮಸೂರದಲ್ಲಿ ಮಾಡಿದ ಬದಲಾವಣೆಗಳೇ ನಕ್ಷತ್ರದ ಚಲನೆಯಂತೆ ತೋರಿದ್ದವು. ನಿಧಾನವಾಗಿ ಸುತ್ತುವ ಗ್ರಹವನ್ನು ಹುಡುಕುವವರು ತಮ್ಮ ಉಪಕರಣವನ್ನೂ ಅಷ್ಟೇ ದೀರ್ಘಕಾಲ ಅನುಮಾನದಿಂದ ನೋಡಬೇಕೆಂಬುದು ಈ ಪ್ರಕರಣದಿಂದ ಉಳಿದ ಪಾಠ.

ಸೂರ್ಯನನ್ನು ಹೋಲುವ ನಕ್ಷತ್ರದ ಸುತ್ತ ಮೊದಲ ಗ್ರಹವನ್ನು ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕ್ವೆಲೋಜ್ 1995ರಲ್ಲಿ ಪ್ರಕಟಿಸಿದರು. 51 ಪೆಗಾಸಿ ಬಿ ಎಂಬ ಈ ದೈತ್ಯಗ್ರಹವು ತನ್ನ ನಕ್ಷತ್ರವನ್ನು ಕೇವಲ 4.2 ದಿನಗಳಲ್ಲಿ ಸುತ್ತುತ್ತದೆ. ಈ ಶೋಧಕ್ಕಾಗಿ ಅವರಿಬ್ಬರಿಗೆ 2019ರ ಭೌತವಿಜ್ಞಾನ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಂದಿತು. ದೈತ್ಯಗ್ರಹಗಳು ನಕ್ಷತ್ರದಿಂದ ದೂರದಲ್ಲಿಯೇ ಇರುತ್ತವೆಂಬ ಅಂದಿನ ನಂಬಿಕೆಯನ್ನು ಈ ಶೋಧ ಬುಡಮೇಲು ಮಾಡಿತು. ದೂರದಲ್ಲಿರಬೇಕಾಗಿದ್ದ ದೈತ್ಯಗಳು ಎಲ್ಲಿವೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಪರೋಕ್ಷ ವಿಧಾನಗಳು ಮತ್ತು ಅವುಗಳ ಮಿತಿ

ಇಂದು ತಿಳಿದಿರುವ ಬಹುಪಾಲು ಗ್ರಹಗಳನ್ನು ಪರೋಕ್ಷ ವಿಧಾನಗಳಿಂದ, ಅಂದರೆ ನಕ್ಷತ್ರದ ಬೆಳಕಿನಲ್ಲಿ ಗ್ರಹವು ಉಂಟುಮಾಡುವ ಬದಲಾವಣೆಗಳಿಂದ, ಪತ್ತೆಹಚ್ಚಲಾಗಿದೆ. ಈ ವಿಧಾನಗಳು ಸಹಜವಾಗಿಯೇ ನಕ್ಷತ್ರಕ್ಕೆ ಸಮೀಪವಿರುವ ಗ್ರಹಗಳ ಕಡೆಗೆ ವಾಲುತ್ತವೆ.

ತ್ರಿಜ್ಯೀಯ ವೇಗದ ವಿಧಾನದಲ್ಲಿ, ಗ್ರಹದ ಸೆಳೆತದಿಂದ ನಕ್ಷತ್ರವು ನಮ್ಮತ್ತ ಬರುವ ಮತ್ತು ನಮ್ಮಿಂದ ಸರಿಯುವ ವೇಗವನ್ನು ಅದರ ರೋಹಿತದಲ್ಲಿ ಅಳೆಯುತ್ತಾರೆ. ಗುರುಗ್ರಹವು ಸೂರ್ಯನನ್ನು ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಲ್ಲಿ ಓಲಾಡಿಸುತ್ತದೆ. ಇಷ್ಟನ್ನು ಇಂದಿನ ರೋಹಿತಮಾಪಕಗಳು ಸುಲಭವಾಗಿ ಗುರುತಿಸಬಲ್ಲವು, ತೊಡಕಿರುವುದು ಕಾಲದಲ್ಲಿ. ಗುರುವಿನ ಒಂದು ಪ್ರದಕ್ಷಿಣೆಗೆ 11.86 ವರ್ಷ ಬೇಕು. ಆ ಚಕ್ರ ಪೂರ್ಣಗೊಳ್ಳುವವರೆಗೆ ಅಳತೆ ನಿಲ್ಲುವಂತಿಲ್ಲ. ಗುರುವಿನಷ್ಟೇ ದೂರದಲ್ಲಿ ಸುತ್ತುವ ಮೊದಲ ಸೌರೇತರ ಗ್ರಹವಾದ 55 ಕ್ಯಾಂಕ್ರಿ ಡಿ 2002ರಲ್ಲಿ ಪ್ರಕಟವಾಯಿತು. ಅದರ ಹಿಂದೆ ಹದಿಮೂರು ವರ್ಷಗಳ ವೀಕ್ಷಣೆಯಿತ್ತು. ನೆಪ್ಚೂನ್‌ನಷ್ಟು ದೂರದ ಗ್ರಹಕ್ಕಾದರೆ ಒಂದು ಪ್ರದಕ್ಷಿಣೆಗೆ ಸುಮಾರು 165 ವರ್ಷ ಕಾಯಬೇಕಾಗುತ್ತದೆ.

ಸಂಕ್ರಮಣ ವಿಧಾನದಲ್ಲಿ, ಗ್ರಹವು ನಕ್ಷತ್ರದ ಮುಂದೆ ಹಾಯುವಾಗ ಅದರ ಬೆಳಕು ತುಸು ಕುಗ್ಗುವುದನ್ನು ಗಮನಿಸುತ್ತಾರೆ. ಗುರುವಿನ ಗಾತ್ರದ ಗ್ರಹವು ಸೂರ್ಯನಂಥ ನಕ್ಷತ್ರದ ಬೆಳಕನ್ನು ಶೇಕಡ 1ರಷ್ಟು ಮರೆಮಾಡುತ್ತದೆ. ಆದರೆ ಗುರುವಿನಷ್ಟು ದೂರದ ಕಕ್ಷೆಯು ನಮ್ಮ ದೃಷ್ಟಿರೇಖೆಗೆ ಸರಿಯಾಗಿ ಹೊಂದಿಕೊಂಡಿರುವ ಸಂಭವ ಸುಮಾರು ಸಾವಿರಕ್ಕೆ ಒಂದು. ಹೊಂದಿಕೊಂಡಿದ್ದರೂ ಆ ಘಟನೆ ಹನ್ನೆರಡು ವರ್ಷಗಳಿಗೊಮ್ಮೆ, ಒಂದು ದಿನಕ್ಕಿಂತ ತುಸು ಹೆಚ್ಚು ಹೊತ್ತು ಮಾತ್ರ ನಡೆಯುತ್ತದೆ.

ಗುರುತ್ವ ಮಸೂರದ ವಿಧಾನವು ಇದಕ್ಕೆ ಅಪವಾದ. ಒಂದು ನಕ್ಷತ್ರವು ಹಿಂದಿರುವ ಮತ್ತೊಂದು ನಕ್ಷತ್ರದ ಮುಂದೆ ಹಾದಾಗ ಅದರ ಗುರುತ್ವವು ಮಸೂರದಂತೆ ವರ್ತಿಸಿ ಹಿಂದಿನ ಬೆಳಕನ್ನು ಹಿಗ್ಗಿಸುತ್ತದೆ. ಮುಂದಿನ ನಕ್ಷತ್ರಕ್ಕೆ ಗ್ರಹವಿದ್ದರೆ ಆ ಹಿಗ್ಗುವಿಕೆಯಲ್ಲಿ ಹೆಚ್ಚುವರಿ ಏರಿಳಿತ ಕಾಣುತ್ತದೆ. ಹೀಗೆ ಪತ್ತೆಯಾದ ಮೊದಲ ಗ್ರಹವನ್ನು 2004ರಲ್ಲಿ ಪ್ರಕಟಿಸಲಾಯಿತು. ಕೆಲವು ಖಗೋಳಮಾನ ದೂರದ ಗ್ರಹಗಳಿಗೆ ಈ ವಿಧಾನ ವಿಶೇಷವಾಗಿ ಒಗ್ಗುತ್ತದೆ. ಆದರೆ ಎರಡು ನಕ್ಷತ್ರಗಳ ಆ ಹೊಂದಾಣಿಕೆ ಮತ್ತೆ ಒದಗುವುದಿಲ್ಲವಾದ್ದರಿಂದ ಅದೇ ಗ್ರಹವನ್ನು ಇದೇ ವಿಧಾನದಿಂದ ಎರಡನೆಯ ಬಾರಿ ಅಭ್ಯಸಿಸಲಾಗದು.

ನೇರ ಚಿತ್ರಣದ ತತ್ತ್ವ

ಗ್ರಹವನ್ನು ನಕ್ಷತ್ರದಿಂದ ಬೇರ್ಪಡಿಸಿ ಅದರ ಚಿತ್ರವನ್ನೇ ಪಡೆಯುವುದು ನೇರ ಚಿತ್ರಣ. ಇದರಲ್ಲಿ ಪೂರ್ಣ ಪ್ರದಕ್ಷಿಣೆಗಾಗಿ ಕಾಯಬೇಕಿಲ್ಲ, ಮತ್ತು ಗ್ರಹ ದೂರವಿದ್ದಷ್ಟೂ ಅನುಕೂಲ ಹೆಚ್ಚು. ಇದಕ್ಕೆ ಎರಡು ಅಡ್ಡಿಗಳಿವೆ.

ಮೊದಲನೆಯದು ಕೋನಾಂತರ. ಒಂದು ಡಿಗ್ರಿಯ 3,600ನೆಯ ಒಂದು ಭಾಗವನ್ನು ವಿಕಲೆ ಎನ್ನುತ್ತಾರೆ. ನಮ್ಮ ಸೌರವ್ಯೂಹವನ್ನು 32.6 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ಸೂರ್ಯನಿಗೂ ಗುರುವಿಗೂ ನಡುವೆ ಹೆಚ್ಚೆಂದರೆ ಅರ್ಧ ವಿಕಲೆಯ ಅಂತರ ಕಾಣುತ್ತದೆ. ಭೂಮಿಯ ವಾಯುಮಂಡಲದ ಕಲಕಾಟವು ನಕ್ಷತ್ರಬಿಂಬವನ್ನು ಸಾಮಾನ್ಯವಾಗಿ ಅಷ್ಟೇ ಅಗಲಕ್ಕೆ ಹರಡಿಬಿಡುತ್ತದೆ.

ಎರಡನೆಯದು ಹೊಳಪಿನ ಅಂತರ. ಗುರುಗ್ರಹವು ಪ್ರತಿಫಲಿಸುವ ಬೆಳಕು ಸೂರ್ಯನ ಬೆಳಕಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಮಾತ್ರ. ಇಲ್ಲಿ ಗ್ರಹಗಳ ಬಾಲ್ಯವೇ ಶೋಧಕರ ನೆರವಿಗೆ ಬರುತ್ತದೆ. ದೈತ್ಯಗ್ರಹವು ರೂಪುಗೊಳ್ಳುವಾಗ ಕುಗ್ಗುತ್ತ ಬಿಸಿಯಾಗುತ್ತದೆ. ಆ ಶಾಖವನ್ನು ಕೋಟ್ಯಂತರ ವರ್ಷ ಹೊರಸೂಸುತ್ತದೆ. 450 ಕೋಟಿ ವರ್ಷಗಳ ಬಳಿಕವೂ ಗುರುಗ್ರಹವು ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚಿನ ಶಾಖವನ್ನು ಹೊರಗೆಡಹುತ್ತಿದೆ. ಕೆಲವೇ ಕೋಟಿ ವರ್ಷ ವಯಸ್ಸಿನ ದೈತ್ಯಗ್ರಹದ ಉಷ್ಣತೆ 1,000 ಕೆಲ್ವಿನ್ ಮೀರಿರಬಹುದು. ಅವಕೆಂಪು ಬೆಳಕಿನಲ್ಲಿ ನೋಡಿದರೆ ಅಂಥ ಗ್ರಹಕ್ಕೂ ನಕ್ಷತ್ರಕ್ಕೂ ಇರುವ ವ್ಯತ್ಯಾಸ ಹತ್ತು ಸಾವಿರದಿಂದ ಹತ್ತು ಲಕ್ಷ ಪಟ್ಟಿಗೆ ಇಳಿಯುತ್ತದೆ. ಆದ್ದರಿಂದ ನೇರ ಚಿತ್ರಣದಲ್ಲಿ ಸಿಕ್ಕಿದ ಗ್ರಹಗಳಲ್ಲಿ ಹೆಚ್ಚಿನವು ಎಳೆಯ ನಕ್ಷತ್ರಗಳ ಎಳೆಯ ಗ್ರಹಗಳು.

ಉಪಕರಣಗಳು ಮತ್ತು ತಂತ್ರಗಳು

ಅಡಾಪ್ಟಿವ್ ಆಪ್ಟಿಕ್ಸ್: ವಾಯುಮಂಡಲದಿಂದ ವಿರೂಪಗೊಂಡ ಬೆಳಕನ್ನು ತನ್ನ ಆಕಾರವನ್ನು ಬದಲಿಸಿಕೊಳ್ಳಬಲ್ಲ ಕನ್ನಡಿಯಿಂದ ಸರಿಪಡಿಸುವ ವ್ಯವಸ್ಥೆ ಇದು. ಈ ಕಲ್ಪನೆಯನ್ನು ಹೊರೇಸ್ ಬ್ಯಾಬ್‌ಕಾಕ್ 1953ರಲ್ಲಿ ಮಂಡಿಸಿದರು. ಚಿಲಿ ದೇಶದ ಪರಾನಾಲ್‌ನಲ್ಲಿರುವ ವೆರಿ ಲಾರ್ಜ್ ಟೆಲಿಸ್ಕೋಪ್‌ನ ಸ್ಫಿಯರ್ ಉಪಕರಣದಲ್ಲಿ ಇಂಥ ಕನ್ನಡಿಯು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ತನ್ನನ್ನು ತಿದ್ದಿಕೊಳ್ಳುತ್ತದೆ.

ಕರೋನಾಗ್ರಾಫ್: ಗ್ರಹಣವಿಲ್ಲದ ದಿನಗಳಲ್ಲಿಯೂ ಸೂರ್ಯನ ಹೊರಪ್ರಭೆಯನ್ನು ನೋಡಲು ಫ್ರಾನ್ಸಿನ ಬರ್ನಾರ್ ಲಿಯೋ 1930ರ ದಶಕದ ಆರಂಭದಲ್ಲಿ ರೂಪಿಸಿದ ಸಾಧನವಿದು. ದೂರದರ್ಶಕದೊಳಗೆ ನಕ್ಷತ್ರದ ಬಿಂಬವನ್ನು ಮರೆಮಾಡಿ, ಅಂಚುಗಳಿಂದ ಚದುರಿ ಬರುವ ಬೆಳಕನ್ನೂ ತಡೆಯುತ್ತದೆ.

ಕೋನಾಧಾರಿತ ವ್ಯವಕಲನ: ಇಷ್ಟಾದರೂ ಚಿತ್ರದಲ್ಲಿ ಗ್ರಹವನ್ನೇ ಹೋಲುವ ನೂರಾರು ಹುಸಿ ಚುಕ್ಕೆಗಳು ಉಳಿಯುತ್ತವೆ. ಇವು ಉಪಕರಣದ ಸೂಕ್ಷ್ಮ ಕೊರತೆಗಳಿಂದ ಹುಟ್ಟುವಂಥವು. ಭೂಮಿಯ ಆವರ್ತನೆಯಿಂದ ಆಕಾಶದ ದೃಶ್ಯವು ದೂರದರ್ಶಕದೊಳಗೆ ನಿಧಾನವಾಗಿ ತಿರುಗುತ್ತದೆ. ಉಪಕರಣವನ್ನು ತಿರುಗದಂತೆ ಹಿಡಿದಿಟ್ಟರೆ ಹುಸಿ ಚುಕ್ಕೆಗಳು ನಿಂತಲ್ಲೇ ಇರುತ್ತವೆ, ನಿಜವಾದ ಗ್ರಹವು ದೃಶ್ಯದೊಂದಿಗೆ ಸರಿಯುತ್ತದೆ. ಹಲವು ಗಂಟೆಗಳ ಚಿತ್ರಗಳಿಂದ ಸ್ಥಿರವಾದುದನ್ನು ಕಳೆದರೆ ಚಲಿಸಿದ್ದು ಉಳಿಯುತ್ತದೆ. ಈ ತಂತ್ರವನ್ನು ಕ್ರಿಶ್ಚಿಯನ್ ಮಾರ್ವಾ ಮತ್ತು ಸಂಗಡಿಗರು 2006ರಲ್ಲಿ ವಿವರಿಸಿದರು.

ದೃಢೀಕರಣ

ನಕ್ಷತ್ರದ ಪಕ್ಕದಲ್ಲಿ ಮಂದವಾದ ಬಿಂದುವೊಂದು ಕಂಡೊಡನೆ ಅದು ಗ್ರಹವೆನಿಸುವುದಿಲ್ಲ. ಅದು ಸಾವಿರಾರು ಜ್ಯೋತಿರ್ವರ್ಷ ಹಿಂದಿರುವ, ಅದೇ ದಿಕ್ಕಿನಲ್ಲಿ ಆಕಸ್ಮಿಕವಾಗಿ ಕಾಣುವ ಸಾಮಾನ್ಯ ನಕ್ಷತ್ರವಾಗಿರಬಹುದು. ಪ್ರತಿ ನಕ್ಷತ್ರಕ್ಕೂ ಆಕಾಶದಲ್ಲಿ ನಿಧಾನವಾದ ಸ್ವಚಲನೆಯಿರುತ್ತದೆ. ಕೆಲವು ತಿಂಗಳು ಅಥವಾ ವರ್ಷಗಳ ನಂತರ ಮತ್ತೆ ಚಿತ್ರ ತೆಗೆದಾಗ ಆ ಬಿಂದು ನಕ್ಷತ್ರದೊಂದಿಗೇ ಸಾಗಿದ್ದರೆ ಅದು ಸಂಗಾತಿ. ಹಿಂದೆ ಉಳಿದಿದ್ದರೆ ಹಿನ್ನೆಲೆಯ ನಕ್ಷತ್ರ. ಬಳಿಕ ಅದು ಕಕ್ಷೆಯಲ್ಲಿ ಸರಿಯುವುದನ್ನು ಗುರುತಿಸಬೇಕು, ಅದರ ರೋಹಿತವು ತಂಪಾದ ಕಾಯದ ರೋಹಿತವಾಗಿರಬೇಕು.

ಈ ಪರೀಕ್ಷೆಯ ಅಗತ್ಯವನ್ನು ಎಚ್‌ಡಿ 131399 ಎಂಬ ತ್ರಿವಳಿ ನಕ್ಷತ್ರದ ಪ್ರಕರಣ ತೋರಿಸುತ್ತದೆ. ಅಲ್ಲಿ ಗ್ರಹವೊಂದು ಕಂಡಿತೆಂದು 2016ರಲ್ಲಿ ಪ್ರಕಟವಾಯಿತು. ಮರುವರ್ಷ ಬೇರೊಂದು ತಂಡದ ಅಳತೆಗಳು ಅದು ಹಿನ್ನೆಲೆಯ ನಕ್ಷತ್ರವೆಂದು ತೋರಿಸಿದವು. ಆ ನಕ್ಷತ್ರಕ್ಕೂ ಗಣನೀಯ ಸ್ವಚಲನೆಯಿದ್ದುದೇ ಮೊದಲಿನ ತಪ್ಪುಗ್ರಹಿಕೆಗೆ ಕಾರಣವಾಗಿತ್ತು.

ಪ್ರಮುಖ ಶೋಧಗಳು

2ಎಂ1207 ಬಿ: ಗೇಲ್ ಶೋವಾ ಅವರ ತಂಡವು 2004ರಲ್ಲಿ ವೆರಿ ಲಾರ್ಜ್ ಟೆಲಿಸ್ಕೋಪ್‌ನಿಂದ ಒಂದು ಕಂದು ಕುಬ್ಜದ ಪಕ್ಕದಲ್ಲಿ ಮಂದಬಿಂದುವನ್ನು ಕಂಡಿತು, ಎರಡೂ ಜೊತೆಯಾಗಿ ಚಲಿಸುತ್ತಿವೆಯೆಂದು 2005ರಲ್ಲಿ ಖಚಿತವಾಯಿತು. ಗ್ರಹದ ದ್ರವ್ಯರಾಶಿಯ ಕಾಯವೊಂದು ನೇರವಾಗಿ ಚಿತ್ರದಲ್ಲಿ ಕಂಡದ್ದು ಇದೇ ಮೊದಲು. ಆತಿಥೇಯ ಕಾಯವೇ ಮಂದವಾಗಿದ್ದುದರಿಂದ ಇದು ಸಾಧ್ಯವಾಯಿತು.

ಎಚ್‌ಆರ್ 8799: ಸುಮಾರು 133 ಜ್ಯೋತಿರ್ವರ್ಷ ದೂರದಲ್ಲಿರುವ ಈ ನಕ್ಷತ್ರದ ಸುತ್ತ ಮೂರು ದೈತ್ಯಗ್ರಹಗಳಿರುವುದನ್ನು ಮಾರ್ವಾ ಅವರ ತಂಡವು ಹವಾಯಿಯ ಕೆಕ್ ಮತ್ತು ಜೆಮಿನಿ ದೂರದರ್ಶಕಗಳ ನೆರವಿನಿಂದ 2008ರ ನವೆಂಬರ್‌ನಲ್ಲಿ ಪ್ರಕಟಿಸಿತು. ನಾಲ್ಕನೆಯದು 2010ರಲ್ಲಿ ಸೇರಿತು. ನಕ್ಷತ್ರದಿಂದ ಸುಮಾರು 15ರಿಂದ 70 ಖಗೋಳಮಾನ ದೂರದವರೆಗೆ ಹರಡಿರುವ ಈ ನಾಲ್ಕೂ ಗ್ರಹಗಳು ಗುರುವಿಗಿಂತ ಹಲವು ಪಟ್ಟು ಭಾರವಾಗಿವೆ. ಈ ಪ್ರಕಟಣೆಯ ಬಳಿಕ ಡೇವಿಡ್ ಲಾಫ್ರೆನಿಯೇರ್ ಮತ್ತು ಸಂಗಡಿಗರು ಹಬಲ್ ದೂರದರ್ಶಕ 1998ರಲ್ಲಿ ತೆಗೆದಿದ್ದ ಚಿತ್ರಗಳನ್ನು ಹೊಸ ತಂತ್ರದಿಂದ ಸಂಸ್ಕರಿಸಿದಾಗ ಅತ್ಯಂತ ಹೊರಗಿನ ಗ್ರಹ ಅದರಲ್ಲಿಯೂ ಕಂಡಿತು. ಮುಂದೆ ಇನ್ನೆರಡು ಗ್ರಹಗಳೂ ಕಂಡವು. ಗ್ರಹದ ಬೆಳಕು ಹತ್ತು ವರ್ಷ ಸಂಗ್ರಹದಲ್ಲಿದ್ದರೂ ನಕ್ಷತ್ರದ ಪ್ರಭೆಯಿಂದ ಅದನ್ನು ಬಿಡಿಸುವ ಗಣಿತ ಅಂದು ಇರಲಿಲ್ಲ. ಕೆಕ್‌ನಲ್ಲಿ ವರ್ಷಗಳ ಕಾಲ ತೆಗೆದ ಚಿತ್ರಗಳನ್ನು ಜೋಡಿಸಿದ ಚಲನಚಿತ್ರದಲ್ಲಿ ನಾಲ್ಕೂ ಗ್ರಹಗಳು ತಮ್ಮ ಕಕ್ಷೆಗಳಲ್ಲಿ ಸರಿಯುವುದನ್ನು ನೋಡಬಹುದು.

ಬೀಟಾ ಪಿಕ್ಟೋರಿಸ್ ಬಿ: ಸುಮಾರು 63 ಜ್ಯೋತಿರ್ವರ್ಷ ದೂರದ ಈ ನಕ್ಷತ್ರದ ಸುತ್ತಲಿನ ಧೂಳಿನ ತಟ್ಟೆಯು 1984ರಲ್ಲಿಯೇ ಚಿತ್ರಿತವಾಗಿತ್ತು. ಅದರೊಳಗಿನ ಬಿಂದುವೊಂದನ್ನು ಆನ್-ಮಾರಿ ಲಾಗ್ರಾಂಜ್ ಅವರ ತಂಡವು 2003ರ ಚಿತ್ರಗಳಲ್ಲಿ ಗುರುತಿಸಿ 2008ರಲ್ಲಿ ಪ್ರಕಟಿಸಿತು. 2009ರ ಆರಂಭದಲ್ಲಿ ಮತ್ತೆ ನೋಡಿದಾಗ ಅಲ್ಲಿ ಏನೂ ಇರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಅದು ನಕ್ಷತ್ರದ ಮತ್ತೊಂದು ಪಕ್ಕದಲ್ಲಿ ಕಾಣಿಸಿಕೊಂಡಿತು. ಹೀಗೆ ಕಣ್ಮರೆಯಾಗಿ ಮರಳಿದ್ದೇ ಅದು ಕಕ್ಷೆಯಲ್ಲಿ ಸುತ್ತುತ್ತಿದೆ ಎಂಬುದಕ್ಕೆ ಸಾಕ್ಷಿಯಾಯಿತು. ಇಗ್ನಾಸ್ ಸ್ನೆಲೆನ್ ಮತ್ತು ಸಂಗಡಿಗರು 2014ರಲ್ಲಿ ಇದರ ಆವರ್ತನವೇಗವನ್ನು ಸೆಕೆಂಡಿಗೆ ಸುಮಾರು 25 ಕಿಲೋಮೀಟರ್ ಎಂದು ಅಳೆದರು. ಅಲ್ಲಿನ ದಿನದ ಅವಧಿ ಸುಮಾರು ಎಂಟು ಗಂಟೆ.

51 ಎರಿಡಾನಿ ಬಿ: ಜೆಮಿನಿ ಪ್ಲಾನೆಟ್ ಇಮೇಜರ್ ಉಪಕರಣದಿಂದ ಪತ್ತೆಯಾಗಿ 2015ರಲ್ಲಿ ಪ್ರಕಟವಾದ ಈ ಗ್ರಹದ ವಾಯುಮಂಡಲದಲ್ಲಿ ಮೀಥೇನಿನ ಸ್ಪಷ್ಟ ಗುರುತು ಸಿಕ್ಕಿತು. ಗುರುವಿನ ವಾಯುಮಂಡಲದಲ್ಲಿಯೂ ಮೀಥೇನ್ ಇದೆ.

ಪಿಡಿಎಸ್ 70 ಬಿ ಮತ್ತು ಸಿ: 2018 ಮತ್ತು 2019ರಲ್ಲಿ ಪ್ರಕಟವಾದ ಈ ಜೋಡಿಯು ಅನಿಲ ಮತ್ತು ಧೂಳಿನ ತಟ್ಟೆಯ ನಡುವಣ ಖಾಲಿಜಾಗದಲ್ಲಿ ಇನ್ನೂ ಬೆಳೆಯುತ್ತಿದೆ. ಪಿಡಿಎಸ್ 70 ಸಿ ಗ್ರಹವನ್ನು ಸುತ್ತುವರಿದ ಧೂಳಿನ ತಟ್ಟೆಯನ್ನು ಆಲ್ಮಾ ರೇಡಿಯೋ ದೂರದರ್ಶಕ ಸಮೂಹ 2021ರಲ್ಲಿ ಸ್ಪಷ್ಟವಾಗಿ ತೋರಿಸಿತು. ಉಪಗ್ರಹಗಳು ಹುಟ್ಟುವುದು ಇಂಥ ತಟ್ಟೆಗಳಲ್ಲಿಯೇ ಎಂದು ಭಾವಿಸಲಾಗಿದೆ.

ಫೋಮಲ್ಹಾಟ್ ಬಿ ಪ್ರಕರಣ

ಎಚ್‌ಆರ್ 8799ರ ಪ್ರಕಟಣೆಯ ದಿನವೇ ಪಾಲ್ ಕಾಲಾಸ್ ಅವರ ತಂಡವು ಸುಮಾರು 25 ಜ್ಯೋತಿರ್ವರ್ಷ ದೂರದ ಫೋಮಲ್ಹಾಟ್ ನಕ್ಷತ್ರದ ಗ್ರಹವನ್ನು ಪ್ರಕಟಿಸಿತ್ತು. ಹಬಲ್ ದೂರದರ್ಶಕದ 2004 ಮತ್ತು 2006ರ ಚಿತ್ರಗಳಲ್ಲಿ ಆ ಬಿಂದು ನಕ್ಷತ್ರದೊಂದಿಗೆ ಸಾಗುತ್ತ, ತನ್ನ ಸ್ಥಾನವನ್ನೂ ಬದಲಿಸಿತ್ತು. ಆದರೆ ಎಳೆಯ ಗ್ರಹವು ಪ್ರಖರವಾಗಿ ಕಾಣಬೇಕಾದ ಅವಕೆಂಪು ಬೆಳಕಿನಲ್ಲಿ ಅದು ಸಿಗಲಿಲ್ಲ. ವರ್ಷಗಳು ಕಳೆದಂತೆ ಬಿಂದು ಮಸುಕಾಗುತ್ತ ಹರಡಿಕೊಂಡಿತು. 2014ರ ಚಿತ್ರಗಳಲ್ಲಿ ಅದು ಕಾಣಲೇ ಇಲ್ಲ. ಆಂಡ್ರಾಸ್ ಗಾಸ್ಪಾರ್ ಮತ್ತು ಜಾರ್ಜ್ ರೀಕೆ 2020ರಲ್ಲಿ ಈ ಎಲ್ಲ ಚಿತ್ರಗಳನ್ನು ವಿಶ್ಲೇಷಿಸಿ, ಅದು ಎರಡು ಹಿಮಕಾಯಗಳ ಡಿಕ್ಕಿಯಿಂದ ಎದ್ದು ಚದುರುತ್ತಿರುವ ಧೂಳಿನ ಮೋಡವೆಂಬ ತೀರ್ಮಾನಕ್ಕೆ ಬಂದರು. 2015ರಲ್ಲಿ ಡೇಗನ್ ಎಂಬ ಅಧಿಕೃತ ಹೆಸರನ್ನೂ ಪಡೆದಿದ್ದ ಗ್ರಹ ಹೀಗೆ ಗ್ರಹಗಳ ಸಾಲಿನಿಂದ ಹೊರಬಿತ್ತು. ಜೊತೆಗೆ ಸಾಗುವುದು ಗ್ರಹವೆನ್ನಲು ಅಗತ್ಯ, ಆದರೆ ಅಷ್ಟೇ ಸಾಲದು. ಆ ಕಾಯವು ಗ್ರಹದಂತೆ ಶಾಖವನ್ನೂ ಸೂಸಬೇಕು ಎಂಬುದನ್ನು ಈ ಪ್ರಕರಣ ಮನದಟ್ಟು ಮಾಡಿತು.

ಸ್ಥಾನಮಾಪನದ ನೆರವು

ನೂರಾರು ನಕ್ಷತ್ರಗಳನ್ನು ಕುರುಡಾಗಿ ಹುಡುಕುವ ಬದಲು ಗ್ರಹವಿರುವ ಸುಳಿವು ಸಿಕ್ಕಿದ ನಕ್ಷತ್ರಗಳನ್ನೇ ಆರಿಸುವುದು ಈಚಿನ ಕ್ರಮ. 1989ರಲ್ಲಿ ಹಾರಿದ ಹಿಪಾರ್ಕಸ್ ಮತ್ತು 2013ರಲ್ಲಿ ಹಾರಿದ ಗಾಯಾ ಉಪಗ್ರಹಗಳು ನಕ್ಷತ್ರಗಳ ಸ್ಥಾನಗಳನ್ನು ಅತಿ ನಿಖರವಾಗಿ ಅಳೆದಿವೆ. ಎರಡು ದಶಕಗಳಿಗೂ ಹೆಚ್ಚಿನ ಅಂತರದ ಈ ಅಳತೆಗಳನ್ನು ಹೋಲಿಸಿದಾಗ ಕೆಲವು ನಕ್ಷತ್ರಗಳು ನೇರದಾರಿಯಿಂದ ತುಸು ಬಾಗುತ್ತಿರುವುದು ಕಾಣುತ್ತದೆ. ಜೇಕಬ್ ಮತ್ತು ವಾನ್ ಡಿ ಕಾಂಪ್ ಹುಡುಕಿದ್ದು ಇದೇ ಬಗೆಯ ಗುರುತನ್ನು. ಅವರ ಕಾಲದ ಉಪಕರಣಗಳಿಗೆ ಅದು ನಿಲುಕುವಂತಿರಲಿಲ್ಲ. ಈ ಸುಳಿವನ್ನು ಹಿಡಿದು ಹೊರಟ ಬೇರೆ ಬೇರೆ ತಂಡಗಳು 2023ರಲ್ಲಿ ಎಎಫ್ ಲೆಪೋರಿಸ್ ಬಿ ಗ್ರಹದ ಚಿತ್ರವನ್ನು ಪ್ರಕಟಿಸಿದವು.

12 ಜ್ಯೋತಿರ್ವರ್ಷ ದೂರದ ಎಪ್ಸಿಲಾನ್ ಇಂಡಿ ಎ ನಕ್ಷತ್ರಕ್ಕೆ ದೈತ್ಯಗ್ರಹವಿರುವುದು ತ್ರಿಜ್ಯೀಯ ವೇಗ ಮತ್ತು ಸ್ಥಾನಮಾಪನಗಳಿಂದ ತಿಳಿದಿತ್ತು. ಎಲಿಸಬೆತ್ ಮ್ಯಾಥ್ಯೂಸ್ ಅವರ ತಂಡವು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದಿಂದ ತೆಗೆದ ಅದರ ಚಿತ್ರವನ್ನು 2024ರಲ್ಲಿ ಪ್ರಕಟಿಸಿತು. ಗ್ರಹವು ನಿರೀಕ್ಷಿಸಿದ ಜಾಗದಲ್ಲಿರಲಿಲ್ಲ. ಅದರ ದ್ರವ್ಯರಾಶಿ ಹಿಂದಿನ ಅಂದಾಜಿನ ಸುಮಾರು ಇಮ್ಮಡಿ, ಅಂದರೆ ಗುರುವಿನ ಆರು ಪಟ್ಟಿನಷ್ಟಿತ್ತು. ಇದರ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್. ನೇರ ಚಿತ್ರಣಕ್ಕೆ ಸಿಕ್ಕಿದ ಅತ್ಯಂತ ತಂಪಾದ ಗ್ರಹಗಳಲ್ಲಿ ಇದೊಂದು. ಎಳೆಯ ಗ್ರಹಗಳಾಚೆಗೂ ಈ ವಿಧಾನ ಚಾಚಬಲ್ಲದೆಂಬುದನ್ನು ಇದು ತೋರಿಸಿತು. 2025ರಲ್ಲಿ ಅದೇ ದೂರದರ್ಶಕದ ಚಿತ್ರಗಳಲ್ಲಿ ಕಂಡ ಟಿಡಬ್ಲ್ಯುಎ 7 ಬಿ ಕಾಯದ ದ್ರವ್ಯರಾಶಿ ಸುಮಾರು ಶನಿಯಷ್ಟೇ ಎಂದು ಅಂದಾಜಿಸಲಾಗಿದೆ.

ದ್ರವ್ಯರಾಶಿ ಮತ್ತು ಉಗಮದ ಪ್ರಶ್ನೆ

ಚಿತ್ರವು ಗ್ರಹದ ಹೊಳಪನ್ನು ತಿಳಿಸುತ್ತದೆ, ತೂಕವನ್ನಲ್ಲ. ಹೊಳಪು ಮತ್ತು ವಯಸ್ಸುಗಳಿಂದ ದ್ರವ್ಯರಾಶಿಯನ್ನು ಲೆಕ್ಕಹಾಕಲು ಗ್ರಹಗಳು ತಂಪಾಗುವ ಕ್ರಮದ ಸೈದ್ಧಾಂತಿಕ ಮಾದರಿಗಳನ್ನು ಬಳಸುತ್ತಾರೆ. ನಕ್ಷತ್ರದ ವಯಸ್ಸನ್ನು ತಪ್ಪಾಗಿ ಊಹಿಸಿದರೆ ಗ್ರಹದ ತೂಕವೂ ತಪ್ಪುತ್ತದೆ. ಗುರುವಿನ ಸುಮಾರು 13 ಪಟ್ಟು ಮೀರಿದರೆ ಆ ಕಾಯವು ಒಡಲಿನಲ್ಲಿ ಡ್ಯುಟೀರಿಯಮ್ ಉರಿಸಬಲ್ಲ ಕಂದು ಕುಬ್ಜವೆನಿಸುತ್ತದೆ. ಆದ್ದರಿಂದ ಮಾದರಿಗಳನ್ನು ಸ್ವತಂತ್ರವಾಗಿ ಪರೀಕ್ಷಿಸುವುದು ಮುಖ್ಯ. ಹಿಪಾರ್ಕಸ್ ಮತ್ತು ಗಾಯಾ ಅಳತೆಗಳಿಂದ ಬೀಟಾ ಪಿಕ್ಟೋರಿಸ್ ಬಿ ಗ್ರಹದ ದ್ರವ್ಯರಾಶಿ ಗುರುವಿನ ಸುಮಾರು 11 ಪಟ್ಟು ಎಂದು 2018ರಲ್ಲಿ ನಿರ್ಧರಿಸಿದ್ದು ಇಂಥ ಪರೀಕ್ಷೆಗಳಲ್ಲೊಂದು.

ದೈತ್ಯಗ್ರಹಗಳ ಉಗಮಕ್ಕೆ ಎರಡು ಮುಖ್ಯ ಸಿದ್ಧಾಂತಗಳಿವೆ. ಒಂದರ ಪ್ರಕಾರ ಧೂಳು ಮತ್ತು ಹಿಮ ಕೂಡಿಕೊಂಡು ಮೊದಲು ಘನ ತಿರುಳು ಬೆಳೆಯುತ್ತದೆ, ಅದು ಆಮೇಲೆ ಅನಿಲವನ್ನು ಸೆಳೆದುಕೊಳ್ಳುತ್ತದೆ. ಇನ್ನೊಂದರ ಪ್ರಕಾರ ತಟ್ಟೆಯ ತುಣುಕೊಂದು ತನ್ನದೇ ಗುರುತ್ವದಿಂದ ನೇರವಾಗಿ ಕುಸಿದು ಗ್ರಹವಾಗುತ್ತದೆ. ನಕ್ಷತ್ರದಿಂದ ಬಹುದೂರದಲ್ಲಿ ವಸ್ತು ವಿರಳವಾಗಿದ್ದು ಚಲನೆಯೂ ನಿಧಾನವಾದ್ದರಿಂದ, ಅನಿಲ ಚದುರಿಹೋಗುವ ಮುನ್ನ ತಿರುಳು ಬೆಳೆಯುವುದು ಕಷ್ಟವೆಂಬ ಆಕ್ಷೇಪವಿತ್ತು. ವೆಬ್ ದೂರದರ್ಶಕವು ಎಚ್‌ಆರ್ 8799ರ ಗ್ರಹಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಗುರುತಿಸಿದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಈ ಗ್ರಹಗಳಲ್ಲಿ ಭಾರಧಾತುಗಳ ಪ್ರಮಾಣ ಹೆಚ್ಚಿದೆಯೆಂದು ಅದು ಸೂಚಿಸುತ್ತದೆ. ಅವು ಗುರುವಿನಂತೆಯೇ ತಿರುಳಿನಿಂದ ಬೆಳೆದವೆಂಬ ಅಭಿಪ್ರಾಯಕ್ಕೆ ಇದು ಬಲ ನೀಡಿದೆ.

ಎಷ್ಟು ಸಾಮಾನ್ಯ

ಜೆಮಿನಿ ಪ್ಲಾನೆಟ್ ಇಮೇಜರ್‌ನ ಸಮೀಕ್ಷೆಯು ಮೊದಲ 300 ನಕ್ಷತ್ರಗಳ ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿತು. ಸೂರ್ಯನ ಒಂದೂವರೆ ಪಟ್ಟಿಗಿಂತ ಭಾರವಾದ ನಕ್ಷತ್ರಗಳಲ್ಲಿ ಸುಮಾರು ಶೇಕಡ 9ರಷ್ಟಕ್ಕೆ, 10ರಿಂದ 100 ಖಗೋಳಮಾನ ದೂರದಲ್ಲಿ, ಗುರುವಿನ 5ರಿಂದ 13 ಪಟ್ಟು ದ್ರವ್ಯರಾಶಿಯ ಗ್ರಹವಿದೆಯೆಂದು ಅದು ಅಂದಾಜಿಸಿತು. ಸಮೀಕ್ಷೆಯಲ್ಲಿ ಕಂಡ ಎಲ್ಲ ಗ್ರಹಗಳೂ ಇಂಥ ಭಾರವಾದ ನಕ್ಷತ್ರಗಳ ಸುತ್ತಲೇ ಇದ್ದವು. ಸೂರ್ಯನಂಥ ನಕ್ಷತ್ರಗಳಿಗೆ ಅಷ್ಟು ದೂರದಲ್ಲಿ ಅಷ್ಟು ಭಾರದ ಗ್ರಹಗಳು ವಿರಳವೆಂಬುದು ಇದರ ತಾತ್ಪರ್ಯ. ಗುರುವಿನಷ್ಟೇ ತೂಕವಿದ್ದು, ಗುರುವಿನಷ್ಟೇ ದೂರದಲ್ಲಿದ್ದು, ಗುರುವಿನಷ್ಟೇ ತಂಪಾದ ಗ್ರಹವನ್ನು ಚಿತ್ರದಲ್ಲಿ ಕಾಣುವುದು ಈ ಸಮೀಕ್ಷೆಗಳ ಶಕ್ತಿಗೆ ಮೀರಿದ್ದು.

ಮುಂದಿನ ಯೋಜನೆಗಳು

ನಾಸಾ ಸಂಸ್ಥೆಯ ನ್ಯಾನ್ಸಿ ಗ್ರೇಸ್ ರೋಮನ್ ಬಾಹ್ಯಾಕಾಶ ದೂರದರ್ಶಕದಲ್ಲಿ ಪ್ರಾಯೋಗಿಕ ಕರೋನಾಗ್ರಾಫ್ ಒಂದನ್ನು ಅಳವಡಿಸಲಾಗಿದೆ. ಪ್ರೌಢ ಗ್ರಹಗಳು ಪ್ರತಿಫಲಿಸುವ ಬೆಳಕನ್ನು ಹಿಡಿಯಲು ಬೇಕಾದ ತಂತ್ರಗಳನ್ನು ಪರೀಕ್ಷಿಸುವುದು ಅದರ ಉದ್ದೇಶ. ಚಿಲಿಯಲ್ಲಿ ನಿರ್ಮಾಣದಲ್ಲಿರುವ ಯುರೋಪಿನ 39 ಮೀಟರ್ ವ್ಯಾಸದ ದೂರದರ್ಶಕವು ನಕ್ಷತ್ರಕ್ಕೆ ಇನ್ನಷ್ಟು ಸಮೀಪದ ಗ್ರಹಗಳನ್ನು ಬಿಡಿಸಿ ತೋರಿಸಬಲ್ಲದು. ಗಾಯಾ ಉಪಗ್ರಹದ ಮುಂದಿನ ದತ್ತಾಂಶಗಳಿಂದ ಸಾವಿರಾರು ದೈತ್ಯಗ್ರಹಗಳ ಸುಳಿವು ದೊರೆಯುವ ನಿರೀಕ್ಷೆಯಿದೆ.

30 ಮೀಟರ್ ದೂರದರ್ಶಕದ ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತವೂ ಪಾಲುದಾರ. ಭಾರತದ ಪಾಲಿನ ಕೆಲಸಗಳನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿರುವ ಕೇಂದ್ರವು ಸಂಯೋಜಿಸುತ್ತದೆ. ಕನ್ನಡಿಯ ಖಂಡಗಳಿಗೆ ಹೊಳಪು ನೀಡುವ ಘಟಕವು ಹೊಸಕೋಟೆಯಲ್ಲಿರುವ ಆ ಸಂಸ್ಥೆಯ ಆವರಣದಲ್ಲಿದೆ. ಈ ಸಂಸ್ಥೆಯ ಮೂಲ ಮದ್ರಾಸು ವೀಕ್ಷಣಾಲಯದಲ್ಲಿದೆ. 1855ರಲ್ಲಿ ಜೇಕಬ್ ಅವರು 70 ಒಫಿಯುಕಿಯ ಬಗ್ಗೆ ತಮ್ಮ ಊಹೆಯನ್ನು ಮಂಡಿಸಿದ್ದು ಆ ವೀಕ್ಷಣಾಲಯದಿಂದಲೇ.